ಬೆಲ್ಲದ ದಲಾಲನ ಸಪ್ಪೆ ಸಂವತ್ಸರ

ಸವದತ್ತಿಯ ದವಾಖಾನೆಯ ಪಡಸಾಲೆಯಲ್ಲಿ ಒಂದು ಉದ್ದನೆಯ ಬಾಕು, ಅಂದರೆ ಮರದ ಬೆಂಚು, ಇದೆ. ಅದರ ಮೇಲೆ ಕುಳಿತವರಲ್ಲಿ ಜ್ವರದವರು ನರಳುತ್ತಿರುತ್ತಾರೆ, ಹಲ್ಲುನೋವಿನವರು ಗಲ್ಲ ಹಿಡಿದುಕೊಂಡಿರುತ್ತಾರೆ, ಕೈ ಮುರಿದುಕೊಂಡವರು ಅದು ಹೇಗೆ ಮುರಿಯಿತೆಂಬ ಕಥೆಯನ್ನು ಬಂದವರಿಗೆಲ್ಲ ಹೊಸದಾಗಿ ಹೇಳುತ್ತಿರುತ್ತಾರೆ. ಒಬ್ಬಿಬ್ಬರು ಮಾತ್ರ ಹೊದ್ದ ಶಾಲಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡು, ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದವರ ಹಾಗೆ ಗೋಡೆ ನೋಡುತ್ತ ಕುಳಿತಿರುತ್ತಾರೆ. ಶಾಲಿನೊಳಗೆ ಇರುವುದು ಬಾಟಲಿ. ಬಾಟಲಿಯೊಳಗೆ ಇರುವುದು ಅವರವರ ಬೆಳಗಿನ ಮೂತ್ರ. ನಾನೂ ಹಾಗೆ ಕುಳಿತವನು. ಅದಾಗಿ ಹದಿನಾಲ್ಕು ಯುಗಾದಿಗಳು ಕಳೆದಿವೆ, ಇವತ್ತಿಗೂ ಕಾಲಿನ ಹತ್ತೂ ಬೆರಳುಗಳ ಮೇಲೆ ನಡೆಯುತ್ತಿದ್ದೇನೆ. ಈ ಬರಹ ಆ ಶಾಲಿನವರಿಗಾಗಿ. ಉಳಿದವರು ಓದಬಾರದೆಂದೇನಿಲ್ಲ, ಓದಿದ ಮೇಲೆ ನಗಬೇಡಿರೆಂದು ಹೇಳುವ ಧೈರ್ಯ ನನಗಿಲ್ಲ.

ನನ್ನ ಹೆಸರು ಚನಬಸಪ್ಪ. ಬೈಲಹೊಂಗಲದ ಪೇಟೆಯಲ್ಲಿ ಬೆಲ್ಲದ ದಲಾಲಿ ನಮ್ಮ ಮನೆತನದ ಕಸುಬು. ಸುತ್ತಲ ಹಳ್ಳಿಗಳ ರೈತರು ಚಕ್ಕಡಿ ತುಂಬ ಬೆಲ್ಲದ ಪೆಂಟಿಗಳನ್ನು, ಅಂದರೆ ದೊಡ್ಡ ಅಚ್ಚುಗಳನ್ನು, ಹೇರಿಕೊಂಡು ಬರುತ್ತಾರೆ. ಒಂದೊಂದು ಪೆಂಟಿಯಿಂದ ಚಾಕುವಿನಲ್ಲಿ ಚೂರು ತೆಗೆದು, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಇದು ಕರಿಮಣ್ಣಿನ ಕಬ್ಬು, ಇದಕ್ಕೆ ಸುಣ್ಣ ಹೆಚ್ಚಾಗಿದೆ, ಇದು ಕೊಪ್ಪರಿಗೆಯಲ್ಲಿ ತಳ ಹಿಡಿದಿದೆ ಎಂದು ಹೇಳುವುದು ನನ್ನ ಕೆಲಸ. ಚನಬಸಪ್ಪನ ನಾಲಿಗೆ ಸುಳ್ಳು ಹೇಳುವುದಿಲ್ಲ ಎಂದು ಪೇಟೆಯಲ್ಲಿ ಮಾತಿತ್ತು. ಬೆಲ್ಲದ ವಿಷಯದಲ್ಲಿ ಮಾತ್ರ ಎಂದು ನನ್ನ ಹೆಂಡತಿ ನೀಲವ್ವ ಅದಕ್ಕೆ ಸೇರಿಸುತ್ತಿದ್ದಳು.

ಅವಳು ಹಾಗೆ ಹೇಳಲು ಕಾರಣವಿತ್ತು. ಪ್ರತಿ ಯುಗಾದಿಗೂ ನಾನು ಒಂದು ಹೊಸ ಪಣ ತೊಡುತ್ತಿದ್ದೆ. ಎಣ್ಣೆ ಹಚ್ಚಿ ಮಿಂದು, ಹೊಸ ಧೋತರ ಉಟ್ಟು, ಮನೆಮಂದಿಯನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿ ಗಟ್ಟಿಯಾಗಿ ಸಾರುತ್ತಿದ್ದೆ. ಒಂದು ವರ್ಷ ನಶ್ಯ ಬಿಟ್ಟೆ. ನಾಲ್ಕನೆಯ ದಿನ ಅದು ತಾನಾಗಿಯೇ ಹುಡುಕಿಕೊಂಡು ಬಂತು. ಇನ್ನೊಂದು ವರ್ಷ ನಸುಕಿನಲ್ಲಿ ಏಳುವೆನೆಂದೆ. ಎದ್ದೆ, ಎದ್ದು ಗೋಡೆಗೆ ಒರಗಿ ನಿದ್ದೆ ಮಾಡಿದೆ. ಸಿಟ್ಟು ಬಿಡುತ್ತೇನೆಂದ ವರ್ಷವಂತೂ ಮಧ್ಯಾಹ್ನದ ಊಟಕ್ಕೇ ಮುಗಿದುಹೋಯಿತು, ಏಕೆಂದರೆ ನೀಲವ್ವ ಬಡಿಸುತ್ತ ಬಡಿಸುತ್ತ ಮೂರು ಸಲ "ಇನ್ನಾ ಸಿಟ್ಟ ಬಂದಿಲ್ಲೇನ್ರಿ?" ಎಂದು ಕೇಳಿದಳು. ನಮ್ಮ ಅವ್ವ ಒಬ್ಬಳೇ ನನ್ನ ಪಕ್ಷ. "ನನ್ನ ಮಗಾ ಬಿಡೂದರಾಗ ಭಾಳ ಶಾಣ್ಯಾ. ನಶ್ಯೇನೂ ಬಿಡತಾನ, ಪಣಾನೂ ಬಿಡತಾನ" ಎನ್ನುತ್ತಿದ್ದಳು. ಅದು ಹೊಗಳಿಕೆಯೋ ಅಲ್ಲವೋ ನನಗೆ ಇನ್ನೂ ತಿಳಿದಿಲ್ಲ.

ಆ ವರ್ಷ ಸುಗ್ಗಿ ಜೋರಾಗಿತ್ತು. ದಿನಕ್ಕೆ ನಲವತ್ತು ಐವತ್ತು ಪೆಂಟಿಗಳ ರುಚಿ ನೋಡುತ್ತಿದ್ದೆ. ಮನೆಗೆ ಬಂದು ರೊಟ್ಟಿಯ ಮೇಲೆ ಕಾಕವಿ ಸುರಿದುಕೊಂಡು ಉಣ್ಣುತ್ತಿದ್ದೆ. ಕಾಕವಿ ಎಂದರೆ ಪೆಂಟಿ ಕಟ್ಟುವ ಮೊದಲಿನ ನೀರಾದ ಬೆಲ್ಲ. ಅದಿಲ್ಲದೆ ಊಟ ಮುಗಿದರೆ ನನಗೆ ಊಟ ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ. ಹೀಗಿರುವಾಗ ನೀರಡಿಕೆ ಶುರುವಾಯಿತು. ತಂಬಿಗೆಗೆ ನಿಲ್ಲಲಿಲ್ಲ, ಕೊಡದ ಪಕ್ಕದಲ್ಲೇ ಕುಳಿತುಕೊಳ್ಳತೊಡಗಿದೆ. ಕುಡಿದದ್ದು ಒಳಗೆ ನಿಲ್ಲಬೇಕಲ್ಲ? ವ್ಯಾಪಾರದ ನಡುವೆ ಎದ್ದು ಓಡುತ್ತಿದ್ದೆ. ದರ ಮನಸ್ಸಿಗೆ ಬಾರದೆ ಎದ್ದು ಹೋದನೆಂದು ರೈತರು ತಾವಾಗಿಯೇ ಬೆಲೆ ಇಳಿಸುತ್ತಿದ್ದರು. ಆ ಮಟ್ಟಿಗೆ ರೋಗದಿಂದ ಲಾಭವೇ ಆಯಿತೆನ್ನಬೇಕು. ಆದರೆ ಧೋತರ ಸಡಿಲವಾಯಿತು, ಮುಖ ಬತ್ತಿತು. ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಹೆಬ್ಬೆರಳಿಗೆ ಆದ ಚಿಕ್ಕ ಹುಣ್ಣು ಒಂದೂವರೆ ತಿಂಗಳಾದರೂ ಮಾಯಲಿಲ್ಲ. ಯಾರದೋ ಕಣ್ಣು ಬಿದ್ದಿದೆ ಎಂದು ಅವ್ವ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎಲ್ಲರಿಗೂ ಕೆಮ್ಮು ಬಂತು, ಹುಣ್ಣು ಅಲ್ಲೇ ಇತ್ತು.

ಒಂದು ಬೆಳಿಗ್ಗೆ ನೀಲವ್ವ ಹಿತ್ತಲಿನಿಂದ ಒಳಗೆ ಬಂದಳು. ಮುಖ ಬೆಳ್ಳಗಾಗಿತ್ತು.

"ಅಲ್ಲರೀ, ಹಿತ್ತಲದಾಗ ಇರವಿ ಸಾಲ ಹಿಡದಾವ."

"ಬೆಲ್ಲದ ದಲಾಲನ ಮನಿಗೆ ಇರವಿ ಬರದ ಹುಲಿ ಬರತಾವೇನ?" ಎಂದೆ.

"ಬೆಲ್ಲದ ಖೋಲಿಗೆ ಬಂದಿಲ್ಲರಿ. ಕೊಟಗಿ ಹಿಂದ ನೀವು ಹೋಗಿ ಕುಂಡ್ರೂ ಜಾಗಾಕ್ಕ ಬಂದಾವ."

ನಾನು ನಕ್ಕೆ. ಅವಳು ನಗಲಿಲ್ಲ. "ತವರಾಗ, ಹೂಲ್ಯಾಗ, ನಮ್ಮಪ್ಪಗೂ ಹಿಂಗ ಆಗಿತ್ತು. ಮೊದಲ ಇರವಿ ಬಂದೂವು. ಆಮ್ಯಾಲ ಬೆರಳ ಕಪ್ಪಾತು. ಆಮ್ಯಾಲ ಕಾಲು..." ಎಂದು ಅಲ್ಲಿಗೇ ನಿಲ್ಲಿಸಿದಳು. ಮುಂದಿನದು ನನಗೆ ಗೊತ್ತಿತ್ತು. ನಮ್ಮ ಮಾವನನ್ನು ಹೊತ್ತವರಲ್ಲಿ ನಾನೂ ಒಬ್ಬ. ಅದುವರೆಗೆ ನನ್ನ ಹೆಬ್ಬೆರಳನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ಅವತ್ತು ಬಾಗಿಲ ಬೆಳಕಿನಲ್ಲಿ ಕುಳಿತು ಬಹಳ ಹೊತ್ತು ನೋಡಿದೆ.

ದವಾಖಾನೆ ಎಂದ ಕೂಡಲೇ ಅವ್ವ ಗದ್ದಲ ಮಾಡಿದಳು. ಪ್ಲೇಗಿನ ವರ್ಷ ನಾವೆಲ್ಲ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗಿನಿಂದ, ದವಾಖಾನೆಗೆ ಹೋದವರು ಮರಳಿ ಬರುವುದಿಲ್ಲವೆಂದು ಅವಳ ನಂಬಿಕೆ. ಆದರೂ ಹೊರಟೆವು. ಬೆಳಗಿನ ಮೂತ್ರವನ್ನು ಬಾಟಲಿಯಲ್ಲಿ ಒಯ್ಯಬೇಕೆಂದು ತಿಳಿದವರು ಹೇಳಿದ್ದರು. ಬಾಟಲಿಗಳು ಆಗ ಮನೆಮನೆಯಲ್ಲಿ ಇರುತ್ತಿರಲಿಲ್ಲ. ನಮ್ಮಲ್ಲಿ ಇದ್ದದ್ದು ಒಂದೇ, ದಪ್ಪ ಹಸಿರು ಗಾಜಿನದು, ಅವ್ವ ಅದರಲ್ಲಿ ಕಾಕವಿ ಇಡುತ್ತಿದ್ದಳು. ಅದನ್ನು ಬಿಟ್ಟುಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವಷ್ಟು ಅತ್ತಳು. ನೀಲವ್ವ ಅದನ್ನು ಬೂದಿ ಹಾಕಿ ತಿಕ್ಕಿ ತೊಳೆದದ್ದನ್ನು ನಾನೇ ಕಣ್ಣಾರೆ ನೋಡಿದೆ. ಹಿಂದಿನ ದಿನವೇ ಚಕ್ಕಡಿ ಕಟ್ಟಿಕೊಂಡು ಹೋಗಿ ಸವದತ್ತಿಯಲ್ಲಿ ನೀಲವ್ವನ ಅಕ್ಕನ ಮನೆಯಲ್ಲಿ ಉಳಿದು, ಮರುದಿನ ಮುಂಜಾನೆ ಬಾಟಲಿ ತುಂಬಿ, ಶಾಲು ಹೊದ್ದು, ನಾನು ಹೇಳಿದ ಆ ಬಾಕಿನ ಮೇಲೆ ಹೋಗಿ ಕುಳಿತೆ.

ನನ್ನ ಪಕ್ಕದಲ್ಲಿ ದೊಡ್ಡ ರುಮಾಲಿನ ಒಬ್ಬ ಹಿರಿಯರು ಕುಳಿತಿದ್ದರು. ಬಹಳ ಹೊತ್ತು ನಾನು ಗೋಡೆ ನೋಡುವುದನ್ನು ನೋಡಿದರು. ಕೊನೆಗೆ ಮೆಲ್ಲಗೆ ಕೇಳಿದರು:

"ಎಷ್ಟ ದಿನಾತರಿ?"

"ಏನು?"

"ಶಾಲಿನಾಗಿಂದು." ತಮ್ಮ ಶಾಲಿನ ತುದಿ ಸರಿಸಿ ತಮ್ಮದನ್ನೂ ತೋರಿಸಿದರು. "ನಂದು ಮೂರ ವರ್ಷಾತು. ಅಂಜಬ್ಯಾಡ್ರಿ. ನಾನೂ ಮೊದಮೊದಲ ಆ ಗ್ವಾಡಿನ ನೋಡಕೋಂತ ಕುಂಡ್ರತಿದ್ದೆ. ಈಗ ಗ್ವಾಡಿ ಮ್ಯಾಲಿನ ಹಲ್ಲೀನೂ ನನ್ನ ಗುರತ ಹಿಡೀತೈತಿ."

ಅವರು ಸಂಗೊಳ್ಳಿಯ ರುದ್ರಗೌಡರು. ನಾಲ್ಕು ಎಕರೆ ಕಬ್ಬು ಬೆಳೆದು ಒಂದು ಚೂರು ಬೆಲ್ಲ ಬಾಯಿಗೆ ಹಾಕದೆ ಮೂರು ವರ್ಷ ಕಳೆದವರು. ರೋಗ ಬಂದು ಮೂರು ವರ್ಷವಾದರೂ ಮನುಷ್ಯ ನಗುತ್ತ ಕುಳಿತಿರಬಹುದು ಎಂಬುದು ನನಗೆ ಆ ದಿನ ಸಿಕ್ಕ ಮೊದಲ ಔಷಧ.

ಡಾಕ್ಟರ ಸಾಹೇಬರು ಧಾರವಾಡ ಕಡೆಯವರು, ಮೃದು ಮಾತಿನವರು. ಗಾಜಿನ ಸಣ್ಣ ಕೊಳವೆಯಲ್ಲಿ ನೀಲಿ ಬಣ್ಣದ ಔಷಧ ಹಾಕಿ, ನನ್ನ ಬಾಟಲಿಯಿಂದ ಕೆಲವು ಹನಿ ಬಿಟ್ಟು, ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತ ಸುಟ್ಟ ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿ ದಪ್ಪಗೆ ಕುಳಿತಿತು. ಸಾಹೇಬರು ಕನ್ನಡಕ ಏರಿಸಿ ನೋಡಿದರು. ಕಂಪೌಂಡರನನ್ನು ಕರೆದು ತೋರಿಸಿದರು. "ಇಷ್ಟು ಕೆಂಪು ನಾನು ಇಲ್ಲಿತನಕ ನೋಡೇ ಇಲ್ಲ" ಎಂದರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲೂ ನನಗೆ ಸಣ್ಣದೊಂದು ಹೆಮ್ಮೆಯಾಯಿತು. ಮಾಲು ಯಾವುದೇ ಇರಲಿ, ಚನಬಸಪ್ಪನದು ಮೊದಲನೆಯ ದರ್ಜೆ.

ಆ ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿದರು. "ಸಿಹಿಮೂತ್ರ ಅದ. ಇದಕ್ಕ ಕುಡಿಯೋ ಔಷಧ ನಮ್ಮಲ್ಲಿಲ್ಲ. ಇರೂದು ಒಂದೇ, ಬಾಯಿ ಕಟ್ಟೂದು. ಬೆಲ್ಲ, ಸಕ್ಕರಿ, ಹೋಳಿಗಿ, ಅನ್ನ ಎಲ್ಲಾ ಬಿಡ್ರಿ. ಎರಡು ಹೊತ್ತು ಜೋಳದ ರೊಟ್ಟಿ, ಪಲ್ಯ, ಮಜ್ಜಿಗಿ. ದಿನಾ ಎರಡು ಮೈಲು ನಡೀರಿ. ಹುಣ್ಣು ಮ್ಯಾಲೇರಿತಂದ್ರ ಬೆರಳು ತಗೀಬೇಕಾಗ್ತದ. ಅಲ್ಲಿಗೂ ನಿಲ್ಲದಿದ್ರ ಕಾಲು."

ಹೆದರಿದ ಮನುಷ್ಯ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. ನಮ್ಮ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ವಸ್ತ್ರ ಮುಚ್ಚಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ತಿಳಿಸುತ್ತೇವೆ. ಎಷ್ಟು ಬೆರಳು ಹಿಡಿದೆವೋ ಅಷ್ಟು. ನಾನು ಹೆಗಲ ವಸ್ತ್ರವನ್ನು ಸಾಹೇಬರ ಕೈಮೇಲೆ ಹಾಕಿ, ಕೆಳಗೆ ಅವರ ನಾಲ್ಕು ಬೆರಳು ಹಿಡಿದೆ.

"ಏನಿದು?"

"ದಿನಕ್ಕ ನಾಕ ಹೋಳಿಗಿರೀ. ಹಬ್ಬದಾಗ ಅಷ್ಟ."

ಸಾಹೇಬರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನು ಮೂರಕ್ಕೆ ಇಳಿದೆ. ಎರಡಕ್ಕೆ ಬಂದೆ. ಕೊನೆಗೆ ಕಿರುಬೆರಳೊಂದನ್ನೇ ಹಿಡಿದು ಅವರ ಮುಖ ನೋಡಿದೆ. ಅವರು ವಸ್ತ್ರದ ಕೆಳಗೆ ತಮ್ಮ ಬೆರಳು ಬಿಡಿಸಿಕೊಂಡು, ನನ್ನ ಐದೂ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮುಷ್ಟಿ ಮಾಡಿ, ಮೇಲೆ ತಮ್ಮ ಕೈಯಿಟ್ಟು ಒತ್ತಿದರು. ಮುಷ್ಟಿಯೆಂದರೆ ಸೊನ್ನೆ. ನನ್ನ ಆಯುಷ್ಯದಲ್ಲಿ ಅಷ್ಟು ಕಡಿಮೆ ದರಕ್ಕೆ ಯಾವ ವ್ಯಾಪಾರವೂ ಮುಗಿದಿರಲಿಲ್ಲ.

ಮರಳಿ ಬರುವಾಗ ಮಲಪ್ರಭೆ ಹೊಳೆ ದಾಟುವ ತನಕ ತಡೆದುಕೊಂಡೆ. ದಾಟಿದ ಮೇಲೆ ಅತ್ತುಬಿಟ್ಟೆ. ನೀಲವ್ವ ಚಕ್ಕಡಿಯ ಕುಲುಕಾಟಕ್ಕೆ ನನ್ನ ಕಾಲು ಬಡಿಯದಂತೆ ತನ್ನ ತೊಡೆಯ ಮೇಲೆ ಎತ್ತಿ ಇಟ್ಟುಕೊಂಡಳು.

ಯುಗಾದಿಗೆ ಎಂಟು ದಿನವಿತ್ತು. ಹಬ್ಬ ಮುಗಿಸಿ ಶುರು ಮಾಡೋಣವೆಂದು ನನ್ನ ಸೂಚನೆ. ಹಬ್ಬಕ್ಕಾದರೂ ಶುರು ಮಾಡಿರಿ, ಹೊಸ ವರ್ಷದ ಪಣವಾಗುತ್ತದೆ ಎಂದು ಅವಳ ಸೂಚನೆ. ಹಾಗೇ ಆಯಿತು. ಯುಗಾದಿಯ ದಿನ ಪಡಸಾಲೆಯಲ್ಲಿ ನಿಂತು, "ಇವತ್ತಿನಿಂದ ಸಿಹಿ ಮುಟ್ಟಂಗಿಲ್ಲ" ಎಂದು ಸಾರಿದೆ. ಒಳಗೆ ಹೋಳಿಗೆ ಬೇಯುತ್ತಿತ್ತು. ಅವ್ವ ಕಣ್ಣೊರೆಸಿಕೊಂಡಳು. ನೀಲವ್ವ ಮೊದಲ ಬಾರಿಗೆ ನನ್ನ ಪಣಕ್ಕೆ ಚೇಷ್ಟೆ ಮಾಡಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಸಿಹಿ ಬಿಡಲು ಯುಗಾದಿಯಷ್ಟು ಕೆಟ್ಟ ದಿನ ಪಂಚಾಂಗದಲ್ಲೇ ಇಲ್ಲ. ನಮ್ಮ ಕಡೆ ಆ ದಿನ ಕುಡಿಯುವ ಬೇವು ಹೆಸರಿಗಷ್ಟೇ ಬೇವು. ಬೆಲ್ಲದ ನೀರಿಗೆ ಪುಟಾಣಿ ಹಿಟ್ಟು, ಒಣಕೊಬ್ಬರಿ, ಗಸಗಸೆ ಹಾಕಿ, ಮೇಲೆ ಬೇವಿನ ನಾಲ್ಕು ಹೂ ಉದುರಿಸಿದ ಪಾನಕ. ಮನೆಮನೆಗೆ ಹೋಗಿ ಕುಡಿಯಬೇಕು. ಬೇಡವೆಂದರೆ ವರ್ಷದ ಮೊದಲ ದಿನವೇ ಜಗಳ ತೆಗೆದಂತೆ. ನಾನು ಹನ್ನೊಂದು ಮನೆಗಳಲ್ಲಿ ಬಟ್ಟಲಿನಿಂದ ಹೂ ಮಾತ್ರ ಆರಿಸಿ ತಿಂದೆ. ಸಂಜೆ ಗುಡಿಯಲ್ಲಿ ಪಂಚಾಂಗ ಓದಿದ ಜೋಯಿಸರು ನನ್ನ ರಾಶಿಗೆ ಈ ಸಂವತ್ಸರವಿಡೀ ಮಧುರ ಫಲ ಎಂದು ಹೇಳಿದಾಗ, ಪೇಟೆಯವರೆಲ್ಲ ತಿರುಗಿ ನನ್ನನ್ನೇ ನೋಡಿದರು.

ಪಣ ಮೂರು ದಿನ ದಾಟಿತು, ಆರು ದಿನ ದಾಟಿತು. ಕಷ್ಟ ಬಂದದ್ದು ಕಸುಬಿನಲ್ಲಿ. ರುಚಿ ನೋಡದೆ ದಲಾಲಿ ಮಾಡುವುದು ಹೇಗೆ? ಚೂರು ಬಾಯಲ್ಲಿ ಇಟ್ಟುಕೊಂಡು ರುಚಿ ತಿಳಿದ ಕೂಡಲೇ ಉಗುಳಿಬಿಡುವ ಉಪಾಯ ಹುಡುಕಿದೆ. ಉಪಾಯ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಪೇಟೆಯಲ್ಲಿ ದಲಾಲ ಬೆಲ್ಲ ಉಗುಳಿದನೆಂದರೆ ಆ ಮಾಲು ಸತ್ತಂತೆ, ಆಮೇಲೆ ಅದನ್ನು ಯಾರೂ ಕೇಳುವುದಿಲ್ಲ. ಇದು ನನಗೆ ಗೊತ್ತಿಲ್ಲದ ಮಾತೇನಲ್ಲ, ಹೊಸ ಉಪಾಯದ ಹುರುಪಿನಲ್ಲಿ ಮರೆತಿದ್ದೆ. ನಾನು ಮೊದಲು ಉಗುಳಿದ ಬೆಲ್ಲ ಯಾರದೆಂದು ಮುಖ ಎತ್ತಿ ನೋಡಿದರೆ ದೊಡ್ಡ ರುಮಾಲು, ಸಂಗೊಳ್ಳಿಯ ರುದ್ರಗೌಡರು.

"ನನ್ನ ಬೆಲ್ಲ ಉಗುಳತಿ? ನಮ್ಮಪ್ಪನ ಕಾಲದಿಂದ ಬೆಲ್ಲಾ ಮಾರಾಕ ಹತ್ತೇವಿ, ಒಬ್ಬ ಮಗಾ ಉಗುಳಿಲ್ಲ!" ಗೌಡರ ಕೂಗಿಗೆ ಅರ್ಧ ಪೇಟೆ ನೆರೆಯಿತು.

ನಾನು ಕೈ ಮುಗಿದು, ಅವರ ಕಿವಿಗೆ ಬಾಗಿ, "ಗೌಡ್ರ, ಶಾಲಿನಾಗಿಂದು" ಎಂದೆ.

ಗೌಡರು ನನ್ನ ಮುಖ ನೋಡಿದರು. ಗುರುತು ಸಿಕ್ಕಿತು. ಸಿಟ್ಟು ಇಳಿಯುವ ಮೊದಲೇ ಅವರ ಬುದ್ಧಿ ಓಡಿತು. ನೆರೆದವರ ಕಡೆ ತಿರುಗಿ, "ಏನಿಲ್ರಪಾ, ದಲಾಲರ ಹಲ್ಲ ನೂಸಾಕ ಹತ್ತೈತಿ. ನನ್ನ ಬೆಲ್ಲ ಅಷ್ಟ ಸೀ ಐತಿ, ಹಲ್ಲಿನ ಬುಡಕ್ಕ ಹೋಗಿ ಮುಟ್ಟೈತಿ!" ಎಂದರು. ಆ ದಿನ ಅವರ ಮಾಲಿಗೆ ಸಿಕ್ಕಷ್ಟು ಬೆಲೆ ಯಾರಿಗೂ ಸಿಗಲಿಲ್ಲ. ಜನ ಚದುರಿದ ಮೇಲೆ ನನ್ನ ಪಕ್ಕ ಕುಳಿತು, ಬಾಯಿಗೆ ಹಾಕದೆ ಬೆಲ್ಲ ತಿಳಿಯುವುದು ಹೇಗೆಂದು ಹೇಳಿಕೊಟ್ಟರು: ಚೂರು ಮುರಿಯುವ ಸಪ್ಪಳ, ಮುರಿದಲ್ಲಿ ಕಾಣುವ ಹರಳು, ಅಂಗೈಯಲ್ಲಿ ತಿಕ್ಕಿದರೆ ಬರುವ ವಾಸನೆ. ಕಲಿಯಲು ನನಗೆ ಒಂದು ಸುಗ್ಗಿ ಪೂರಾ ಬೇಕಾಯಿತು. ನಾಲಿಗೆಯಲ್ಲಿದ್ದ ವಿದ್ಯೆ ಕೈಗೆ ಇಳಿಯಿತು.

ಮನೆಯಲ್ಲಿ ಬೇರೆಯೇ ಯುದ್ಧ. ಬೆಲ್ಲ ತಿಂದು ಸತ್ತವರನ್ನು ತಾನು ಕಂಡಿಲ್ಲವೆಂದು ಅವ್ವನ ವಾದ. ನೀಲವ್ವನ ಕಣ್ಣು ತಪ್ಪಿಸಿ ನನ್ನ ರುಮಾಲಿನ ಮಡಿಕೆಯಲ್ಲಿ, ಹಾಸಿಗೆಯ ಸುರುಳಿಯಲ್ಲಿ, ಒಮ್ಮೆ ನನ್ನ ಚಪ್ಪಲಿಯ ಮೇಲೆಯೂ ಎಲೆಯಲ್ಲಿ ಸುತ್ತಿದ ಸಿಹಿ ಇಡುತ್ತಿದ್ದಳು. ನೀಲವ್ವ ಅವುಗಳನ್ನೆಲ್ಲ ಹುಡುಕಿ, ಏನೂ ಆಗಿಲ್ಲವೆಂಬಂತೆ ಅತ್ತೆಯ ತಾಟಿಗೇ ಬಡಿಸುತ್ತಿದ್ದಳು. ಅವ್ವ ಆ ವರ್ಷ ಮೈ ತುಂಬಿಕೊಂಡಳು.

ನಾನು ಒಂದೇ ಒಂದು ಸಲ ತಪ್ಪಿದೆ. ನಾಗರ ಪಂಚಮಿಗೆ ನಮ್ಮಲ್ಲಿ ಏಳೆಂಟು ನಮೂನೆಯ ಉಂಡಿ ಕಟ್ಟುತ್ತಾರೆ. ಎಳ್ಳಿನ ಉಂಡಿ ನಾಲ್ಕನ್ನು ಕದ್ದು, ಕೊಟ್ಟಿಗೆಯ ಹುಲ್ಲಿನ ಹಿಂದೆ ಕುಳಿತು ತಿಂದೆ. ಎತ್ತು ನನ್ನನ್ನು ನೋಡಿತು, ಅದಕ್ಕೂ ಒಂದು ಕೊಟ್ಟು ಬಾಯಿ ಮುಚ್ಚಿಸಿದೆ. ಸಂಜೆ ನೀಲವ್ವ ನನ್ನ ಹುಣ್ಣು ತೊಳೆಯಲು ಕುಳಿತಾಗ ನನ್ನ ಮೀಸೆಯಲ್ಲಿ ಎಳ್ಳು ಕಂಡಿರಬೇಕು. ಬಿಸಿನೀರಿನಲ್ಲಿ ಬೆರಳು ತೊಳೆದು, ಒರೆಸಿ, ಮತ್ತೆ ಮೊದಲಿನಿಂದ ತೊಳೆದಳು. ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಮರುದಿನ ಇನ್ನೆರಡು ತಿನ್ನುತ್ತಿದ್ದೆ. ಅವಳು ಎರಡನೆಯ ಸಲ ತೊಳೆದ ಮೇಲೆ ನಾನು ಉಂಡಿಯ ಡಬ್ಬಿಯ ಕಡೆ ಹೋಗಲಿಲ್ಲ.

ದಸರೆಯ ಹೊತ್ತಿಗೆ ಹುಣ್ಣಿನ ಅಂಚು ಒಣಗಿತು. ದೀಪಾವಳಿಗೆ ತೊಗಲು ಮೂಡಿತು. ದಿನವೂ ಊರ ಹೊರಗಿನ ಹುಣಸೆಮರದ ತನಕ ನಡೆದು ಬರುತ್ತಿದ್ದವನು ಎಳ್ಳಮಾವಾಸ್ಯೆಗೆ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದೆ. ಇರುವೆಗಳು ಯಾವಾಗ ಹೋದವೋ ಗೊತ್ತಿಲ್ಲ, ಹೇಳಿ ಹೋಗಲಿಲ್ಲ.

ಮತ್ತೆ ಯುಗಾದಿ ಬಂತು. ಒಂದು ಪಣ ಇಡೀ ಸಂವತ್ಸರ ಉಳಿದಿತ್ತು! ನಾನು ಹೊಸ ಧೋತರ ಉಟ್ಟು ಬೀಗುತ್ತ ಊಟಕ್ಕೆ ಕುಳಿತೆ. ನೀಲವ್ವ ರೊಟ್ಟಿ ಬಡಿಸಿ, ನನ್ನ ಮಾಯ್ದ ಬೆರಳನ್ನು ನೋಡಿ, ಯಾಕೋ ನಕ್ಕಳು.

"ಒಂದ ಮಾತ ಹೇಳತೇನಿ, ಸಿಟ್ಟ ಆಗಬ್ಯಾಡ್ರಿ."

"ಹೇಳು."

"ಹ್ವಾದ ವರ್ಷ ಬಾಟ್ಲಿ ತೊಳದೆ ಖರೆ. ತೊಳದ ಮ್ಯಾಲ ಬುಡಕ್ಕ ಒಂದ ಚಮಚಾ ಕಾಕವಿ ಬಿಟ್ಟಿದ್ದೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಆ ಇಟ್ಟಂಗಿ ಕೆಂಪು ಕಣ್ಣ ಮುಂದೆ ಬಂತು, ಸಾಹೇಬರು ಕಂಪೌಂಡರನನ್ನು ಕರೆದದ್ದು ಬಂತು, ನನ್ನ ಹೆಮ್ಮೆಯೂ ನೆನಪಾಯಿತು. ರೋಗದಲ್ಲಿ ಮೊದಲ ದರ್ಜೆ ಎಂದುಕೊಂಡದ್ದು ನಮ್ಮ ಅವ್ವನ ಕಾಕವಿ!

"ಯಾಕ? ನಾ ನಿನಗ ಏನ ಮಾಡಿದ್ದೆ?"

"ಡಾಕ್ಟರರು 'ಚೂರ ಐತಿ' ಅಂದಿದ್ರ ನೀವು 'ಚೂರ ಅಷ್ಟ ಅಲ್ಲ?' ಅಂತ ಹೇಳಿ ಬ್ಯಾರೆದವರ ಪಾಲಿಂದೂ ತಿಂತಿದ್ರಿ. ನಿಮ್ಮ ಪಣ ನನಗ ಗೊತ್ತಿಲ್ಲೇನ? ಛಲೋತ್ನಾಗಿ ಕೆಂಪಗ ಬರಲಿ, ಛಲೋತ್ನಾಗಿ ಅಂಜಲಿ ಅಂದ್ಕೊಂಡೆ. ನಮ್ಮಪ್ಪಗ ಯಾರೂ ಅಂಜಿಸಲಿಲ್ಲರಿ."

ಕೊನೆಯ ಮಾತು ಆಗ ನನ್ನ ಕಿವಿಗೆ ಬೀಳಲಿಲ್ಲ. "ಹಂಗಾದ್ರ ನನಗ ರೋಗನ ಇರಲಿಲ್ಲ!" ಎಂದು ಕೂಗಿದೆ. ಒಂದು ವರ್ಷ! ಹೋಳಿಗೆ ಇಲ್ಲದ ಶ್ರಾವಣ, ಕದ್ದ ಉಂಡಿಯ ಪಂಚಮಿ, ಕಾಕವಿ ಇಲ್ಲದ ಏಳುನೂರು ಚಿಲ್ಲರೆ ರೊಟ್ಟಿಯೂಟಗಳು! ಅವ್ವ ಇಂಥ ಗಳಿಗೆಗಾಗಿ ಒಂದು ವರ್ಷ ಕಾದವಳು. "ನಾ ಮೊದಲ ಹೇಳಿರಲಿಲ್ಲ?" ಎನ್ನುತ್ತ ಎರಡು ಹೋಳಿಗೆ ನನ್ನ ತಾಟಿಗೆ ಹಾಕಿ, ಮೇಲೆ ತುಪ್ಪ ಸುರಿದಳು.

ಮುರಿದೆ. ಬಾಯಿಯ ತನಕ ತಂದೆ. ಏಲಕ್ಕಿಯ ವಾಸನೆ ಮೂಗಿಗೆ ಬಂತು. ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತ ನೀಲವ್ವ ಕಂಡಳು. ಅವಳು ನನ್ನ ಮುಖವನ್ನಾಗಲಿ ಹೋಳಿಗೆಯನ್ನಾಗಲಿ ನೋಡುತ್ತಿರಲಿಲ್ಲ, ನನ್ನ ಕಾಲನ್ನು ನೋಡುತ್ತಿದ್ದಳು. ಅಪ್ಪನ ಬಗ್ಗೆ ಅವಳು ಆಡಿದ ಮಾತು ಆಗ ನನಗೆ ಕೇಳಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಬಾಟ್ಲಿ ತಾ. ಈ ಸಲ ನಾನ ತೊಳೀತೇನಿ" ಎಂದೆ.

ಬೂದಿ ಹಾಕಿ ಮೂರು ಸಲ, ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಒಣಗಿದ ಮೇಲೆ ಮೂಸಿ ನೋಡಿ, ಸವದತ್ತಿಯ ತನಕ ತೊಡೆಯ ಮೇಲಿಟ್ಟುಕೊಂಡು ಹೋದೆ. ಸಾಹೇಬರು ಹನಿ ಬಿಟ್ಟು ಕಾಯಿಸಿದರು. ನೀಲಿ ನೀಲಿಯಾಗಿಯೇ ಉಳಿಯಿತು. ನಾನು ಇರುವೆಯಿಂದ ಹಿಡಿದು ಕಾಕವಿಯ ತನಕ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಹಂಗಾದ್ರ ರೋಗ ಇತ್ತೋ ಇರಲಿಲ್ಲೋ, ಅದನ್ನ ಹೇಳ್ರಿ ಸಾಹೇಬರ."

"ಹುಣ್ಣು ಕಾಕವಿಯಿಂದ ಆಗಿರಲಿಲ್ಲ. ಇರುವಿ ಬಾಟ್ಲಿ ನೋಡಿ ಬಂದಿರಲಿಲ್ಲ. ನನ್ನ ಪ್ರಕಾರ ಇತ್ತು, ಈಗ ಸುಮ್ಮನಾಗಿ ಮಲಗ್ಯದ. ಆದ್ರ ನೀವು ದಲಾಲರು, ಮಾಲು ಮುರಿದು ನೋಡದ ನಂಬೂದಿಲ್ಲ. ಮನಿಗೆ ಹೋಗಿ ಮೂರೇ ಮೂರು ದಿನ ಮೊದಲಿನಂಗ ಊಟ ಮಾಡ್ರಿ. ನಿಮಗ ತಿಳೀತದ. ಇಲ್ಲಿತನಕ ಬರೂದೂ ಬ್ಯಾಡ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಊರಿಗೆ ಬಂದವನೇ ಡಾಕ್ಟರರ ಅಪ್ಪಣೆಯನ್ನು ಪಡಸಾಲೆಯಲ್ಲಿ ನಿಂತು ಸಾರಿದೆ. ಅವ್ವ ಆಗಲೇ ಕಡಲೆಬೇಳೆ ಅಳೆಯುತ್ತಿದ್ದಳು. ಮೊದಲ ದಿನ ಆರು ಹೋಳಿಗೆ, ಮೇಲೆ ರೊಟ್ಟಿ ಕಾಕವಿ. ಸ್ವರ್ಗವೆಂದರೆ ಅದೇ ಇರಬೇಕು. ಹುಣಸೆಮರದ ತನಕ ನಡೆಯುವುದನ್ನೂ ಬಿಟ್ಟು ಮಲಗಿದೆ. ಎರಡನೆಯ ದಿನ ಐದು ತಿಂದೆ. ಹೋಳಿಗೆಗೆ ಹೂರಣ ಹೆಚ್ಚಾಯಿತೇನೋ, ಬಾಯಿ ಒಣಗಿತು. ಸಂಜೆಗೆ ನಾನು ನೀರಿನ ಕೊಡದ ಪಕ್ಕ ಕುಳಿತಿದ್ದೆ. ಅಲ್ಲಿ ಯಾವಾಗ ಬಂದು ಕುಳಿತೆನೆಂದು ನನಗೇ ಗೊತ್ತಾಗಿರಲಿಲ್ಲ.

ಮೂರನೆಯ ದಿನ ಬುಧವಾರ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಏನೂ ಇಲ್ಲದ ಬುಧವಾರ. ಹೊತ್ತೇರಿದ ಮೇಲೆ ಕೊಟ್ಟಿಗೆಯ ಹಿಂದೆ ಹೋದೆ. ಗೋಡೆಯ ಬುಡದಿಂದ ಒಂದು ಕರಿ ಸಾಲು ಹೊರಟು, ಕಲ್ಲು ಬಳಸಿಕೊಂಡು, ನನ್ನ ಜಾಗದ ತನಕ ಬಂದಿತ್ತು. ಎಷ್ಟು ಶಿಸ್ತಿನ ಪ್ರಾಣಿಗಳು! ನಾನು ನಿಂತು ನೋಡುತ್ತಲೇ ಇದ್ದೆ. ಹಿಂದೆ ಬಳೆಯ ಸಪ್ಪಳವಾಯಿತು.

"ಇಲ್ಲೇನರ ಕಾಕವಿ ಚೆಲ್ಲೀಯೇನ?" ಎಂದು ಕೇಳಿದೆ.

"ಶಿವನ ಆಣಿ, ಇಲ್ಲರಿ."

ಅವಳು ನಿಜ ಹೇಳುತ್ತಿದ್ದಳೋ ಇಲ್ಲವೋ ನಾನು ತಿರುಗಿ ಮುಖ ನೋಡಲಿಲ್ಲ. ಇರುವೆಗಳನ್ನು ಯಾರು ಬೇಕಾದರೂ ಕರೆಯಬಹುದು. ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು, ಆ ನೀರಡಿಕೆ ನನ್ನದೇ. ಪೇಟೆ ಹೇಳುವಂತೆ ಚನಬಸಪ್ಪನ ನಾಲಿಗೆ ಸುಳ್ಳು ಹೇಳುವುದಿಲ್ಲ.

ಆಮೇಲೆ ಅವಳು ಮೆಲ್ಲಗೆ, "ಅತ್ತಿ ಕೇಳಾಕ ಹತ್ಯಾರ. ಮಧ್ಯಾಹ್ನಕ್ಕ ಹೋಳಿಗಿ ಎಷ್ಟ ಮಾಡೂದು?" ಎಂದಳು.

ಅವಳ ಸೆರಗಿನ ತುದಿ ಎಳೆದು ನಮ್ಮಿಬ್ಬರ ಕೈಗಳ ಮೇಲೆ ಮುಚ್ಚಿದೆ. ಕೆಳಗೆ ಅವಳ ಕೈ ತಣ್ಣಗಿತ್ತು. ಕಿರುಬೆರಳಿನಿಂದ ಶುರು ಮಾಡಿ ಅವಳ ಐದೂ ಬೆರಳುಗಳನ್ನು ಒಂದೊಂದಾಗಿ ಮಡಚಿದೆ, ಮುಷ್ಟಿಯ ಮೇಲೆ ನನ್ನ ಕೈಯಿಟ್ಟು ಒತ್ತಿದೆ. ಅವಳಿಗೆ ದಲಾಲಿಯ ಬೆರಳಿನ ಭಾಷೆ ನಾನು ಯಾವತ್ತೂ ಕಲಿಸಿರಲಿಲ್ಲ. ಆದರೂ ತಿಳಿಯಿತು.